ಅಕ್ಕನ ಅಳತೆಯ ಪಂಪು

ನಾನು ಚಿಕ್ಕವಳಿದ್ದಾಗ ಕೋಣನಕುಂಟೆ ಇನ್ನೂ ಹಳ್ಳಿ. ಮಕ್ಕಳೇ, ನೀವು ಈಗ ಮೆಟ್ರೋದಲ್ಲಿ ಕೂತು ಮೇಲಿನಿಂದ ನೋಡುವ ಕನಕಪುರ ರಸ್ತೆಯ ಎರಡೂ ಬದಿಗೆ ಆಗ ಹುಣಸೆಮರಗಳಿದ್ದವು. ಅವುಗಳ ಆಚೆ ರಾಗಿ ಹೊಲ. ಕೋಳಿ ಕೂಗುವ ಹೊತ್ತಿಗೆ ರಸ್ತೆಯ ಮೇಲೆ ಸೈಕಲ್ಲುಗಳ ಸಾಲು ಶುರುವಾಗುತ್ತಿತ್ತು. ಹಾಲಿನ ಕ್ಯಾನು, ಸೊಪ್ಪಿನ ಕಂತೆ, ಸೌದೆ ಹೊರೆ, ಎಲ್ಲವೂ ಸೈಕಲ್ಲಿನ ಮೇಲೆಯೇ ಜಯನಗರಕ್ಕೆ ಹೋಗಬೇಕು. ಅಷ್ಟು ಭಾರ ಹೊತ್ತ ಚಕ್ರಗಳು ದಾರಿಯಲ್ಲಿ ಪಂಕ್ಚರ್ ಆಗದೆ ಇರುತ್ತವೆಯೇ? ಆದಾಗ ಎಲ್ಲರೂ ತಳ್ಳಿಕೊಂಡು ಬರುತ್ತಿದ್ದುದು ನಮ್ಮ ಮನೆ ಮುಂದಕ್ಕೆ. ನಮ್ಮ ಜಗಲಿಯೇ ಅಪ್ಪನ ಸೈಕಲ್ ಅಂಗಡಿ.

ಅಂಗಡಿ ಎಂದರೆ ಬೋರ್ಡು ಗೀರ್ಡು ಏನೂ ಇರಲಿಲ್ಲ. ಒಂದು ಹಳೆಯ ಟೈರನ್ನು ಕಂಬಕ್ಕೆ ನೇತುಹಾಕಿದ್ದರು, ಅದೇ ಗುರುತು. ಒಂದು ತಗಡಿನ ಬೋಗುಣಿಯಲ್ಲಿ ನೀರು, ಒಂದು ಡಬ್ಬಿಯಲ್ಲಿ ಸೊಲ್ಯೂಷನ್ನು, ಉಪ್ಪುಕಾಗದದ ತುಂಡುಗಳು, ಗೋಡೆಗೆ ಒರಗಿಸಿದ, ಡೊಂಕು ಬಿದ್ದ ಒಂದು ದಪ್ಪ ಪಂಪು. ರಬ್ಬರು, ಎಣ್ಣೆ, ಬಿಸಿಲಿಗೆ ಕಾದ ಮಣ್ಣು, ಈ ಮೂರರ ವಾಸನೆ ಸೇರಿ ನಮ್ಮ ಜಗಲಿಯ ವಾಸನೆಯಾಗಿತ್ತು. ಈಗಲೂ ಎಲ್ಲಾದರೂ ಪಂಕ್ಚರ್ ಅಂಗಡಿಯ ಮುಂದೆ ಹಾದುಹೋದರೆ ನನಗೆ ಹಸಿವಾಗುತ್ತದೆ. ಆ ವಾಸನೆಯ ನಡುವೆ ಕೂತೇ ನಾನು ಮುದ್ದೆ ತಿಂದು ಬೆಳೆದವಳು.

ಪಂಕ್ಚರ್ ಹಾಕುವುದರಲ್ಲಿ ಅಪ್ಪನಿಗಿಂತ ನಮ್ಮ ಅಕ್ಕನ ಕೈ ಚುರುಕು. ಅಕ್ಕನನ್ನು ನೀವು ನೋಡಿಲ್ಲ. ಅವಳು ನನಗಿಂತ ಆರೇಳು ವರ್ಷ ದೊಡ್ಡವಳು. ಮಗುವಾಗಿದ್ದಾಗ ಬಂದ ಒಂದು ಜ್ವರದಿಂದ ಅವಳ ಎಡಗಾಲು ಸೊರಗಿಹೋಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು. ದೊಡ್ಡ ಶಾಲೆ ದೂರದಲ್ಲಿದ್ದುದರಿಂದ ಊರಿನ ಶಾಲೆ ಮುಗಿದಮೇಲೆ ಮನೆಯಲ್ಲೇ ಉಳಿದಳು. ಜಗಲಿಯ ಮೇಲೆ ಮಣೆ ಹಾಕಿಕೊಂಡು ಕೂತರೆ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟು, ಉಜ್ಜಿ, ಪ್ಯಾಚು ಅಂಟಿಸಿ, ಟೈರು ಮತ್ತೆ ಕೂರಿಸುವುದನ್ನು ಮಾತಾಡುತ್ತಲೇ ಮುಗಿಸುತ್ತಿದ್ದಳು.

ಆದರೆ ಕೊನೆಯ ಕೆಲಸವೊಂದು ಅವಳಿಂದ ಆಗುತ್ತಿರಲಿಲ್ಲ. ಗಾಳಿ ಹೊಡೆಯುವುದು. ನಮ್ಮ ಕಡೆಯ ಪದ್ಧತಿ ಹೀಗಿತ್ತು: ಬರೀ ಗಾಳಿ ಬೇಕಾದವರು ತಾವೇ ಹೊಡೆದುಕೊಂಡು ಹೋಗಲಿ, ಆದರೆ ಪಂಕ್ಚರ್ ಆಗಿದ್ದರೆ ಅದನ್ನು ಹಾಕಿದ ಅಂಗಡಿಯವರೇ ಗಾಳಿ ತುಂಬಿಸಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿ ಸೈಕಲ್ ಒಪ್ಪಿಸಬೇಕು. ಅಲ್ಲಿಯವರೆಗೆ ಕೆಲಸ ಮುಗಿದ ಹಾಗಲ್ಲ. ನಮ್ಮ ಪಂಪು ಅಪ್ಪ ನಿಂತು ಮೈಭಾರ ಬಿಟ್ಟರೆ ಮಾತ್ರ ಇಳಿಯುವಂಥದ್ದು. ಅಪ್ಪ ಇಲ್ಲದಾಗ ಅಕ್ಕ ಬಂದವರ ಮುಖ ನೋಡುತ್ತಾ ಕೂರಬೇಕಿತ್ತು. ದಿನಾ ಬರುತ್ತಿದ್ದ ಸೊಪ್ಪಿನ ಅಣ್ಣನೊಬ್ಬ, “ನೀನು ಅಂಟ್ಸಿದ್ದಾಯ್ತು, ಗಾಳಿ ನಾನು ಹೊಡ್ಕೊಂಡಿದ್ದಾಯ್ತು. ಇನ್ನು ಅರ್ಧ ಅಂಗಡಿ ನನ್ನ ಹೆಸರಿಗೆ ಬರ್ಕೊಡವ್ವ” ಎಂದು ನಗುತ್ತಿದ್ದ. ಅವನು ಹೋದಮೇಲೆ ಅಕ್ಕ ಬೋಗುಣಿಯ ನೀರು ಚೆಲ್ಲಿ ಹೊಸ ನೀರು ತುಂಬಿಸುತ್ತಿದ್ದಳು.

ಹೀಗಿರುವಾಗ ಅಪ್ಪನಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸೋಮವಾರದಿಂದ ಹೋಗಬೇಕು. ಹಗಲೆಲ್ಲ ಅಪ್ಪ ಮನೆಯಲ್ಲಿರುವುದಿಲ್ಲ ಎಂದಮೇಲೆ ಅಂಗಡಿ ಮುಚ್ಚುವುದೆಂದು ಮಾತಾಯಿತು. ಕನಕಪುರದ ನಮ್ಮ ಅತ್ತೆಗೆ ಹೊಸದಾಗಿ ಮಗುವಾಗಿತ್ತು. ಅಂಗಡಿ ಇಲ್ಲದಮೇಲೆ ಅಕ್ಕ ಅಲ್ಲಿಗೆ ಹೋಗಿ ಮಗು ಆಡಿಸಿಕೊಂಡಿರಲಿ ಎಂದು ಅತ್ತೆ ಹೇಳಿಕಳಿಸಿದ್ದಳು. ಅಮ್ಮನೂ ಒಪ್ಪಿದ್ದಳು. ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತಟ್ಟೆಯನ್ನೇ ನೋಡುತ್ತಾ ಹೇಳಿದಳು:

“ನನ್ ಕೈಲಿ ಆಗೋ ಪಂಪು ಒಂದು ಕೊಡ್ಸಪ್ಪ. ಅಂಗಡಿ ನಾನು ನೋಡ್ಕೋತೀನಿ.”

“ಹಂಗಂದ್ರೆ ಎಂಥ ಪಂಪು?” ಎಂದ ಅಪ್ಪ.

“ನಂಗೂ ಗೊತ್ತಿಲ್ಲ. ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ.”

ಭಾನುವಾರ ಬೆಳಿಗ್ಗೆ ಅಪ್ಪ ಅಕ್ಕನನ್ನು ಕ್ಯಾರಿಯರಿನ ಮೇಲೆ, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೊರಟ. ಬಾರಿನ ಕಬ್ಬಿಣ ಒತ್ತದಿರಲೆಂದು ಅಮ್ಮ ಟವಲು ಸುತ್ತಿಕೊಟ್ಟಿದ್ದಳು. ಬನಶಂಕರಿ ಹತ್ತಿರವಾದ ಹಾಗೆ ಅಪ್ಪ, “ಮೂರು ಜನ ಕೂತಿದ್ರೆ ಹಿಡೀತಾರೆ. ಪೊಲೀಸ್ ಕಂಡ್ರೆ ಟಣ್ಣಂತ ಇಳಿದುಬಿಡು, ನಮ್ಮವಳೇ ಅಲ್ಲ ಅನ್ನೋ ಹಂಗೆ ನಡ್ಕೊಂಡು ಬಾ” ಎಂದು ನನಗೆ ಪಾಠ ಹೇಳಿದ. ಪೊಲೀಸ್ ಯಾರೂ ಸಿಗಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಯಡಿಯೂರು ಕೆರೆಯ ಬಳಿ ತಣ್ಣನೆಯ ಗಾಳಿ ಬೀಸಿತು, ಅಲ್ಲೊಂದು ಕಡೆ ಅಗಸರು ಬಟ್ಟೆ ಹರವಿದ್ದರು. ಅದನ್ನು ದಾಟಿ ಜಯನಗರದ ಕಡೆ ತಿರುಗುವಲ್ಲಿ ಸೈಕಲ್ ಸಾಮಾನಿನ ಅಂಗಡಿಯಿತ್ತು.

ಬಾಗಿಲ ತುಂಬ ಹೊಸ ಟೈರುಗಳನ್ನು ಹಾರದ ಹಾಗೆ ತೂಗುಹಾಕಿದ್ದರು. ಒಳಗೆ ಹೊಸ ರಬ್ಬರಿನ ಘಾಟು. ಹಣೆಗೆ ವಿಭೂತಿ ಹಚ್ಚಿದ್ದ ಅಂಗಡಿಯವರು ಆಗತಾನೇ ಪೂಜೆ ಮುಗಿಸಿ ಊದುಬತ್ತಿ ಸಿಕ್ಕಿಸುತ್ತಿದ್ದರು. ಅಪ್ಪ ಪಂಪು ಬೇಕೆಂದ ಕೂಡಲೇ ಮೂರು ತಂದು ನಿಲ್ಲಿಸಿದರು. ಒಂದು ಹಿತ್ತಾಳೆಯದು, ನನ್ನ ತೊಡೆಯಷ್ಟು ದಪ್ಪ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಕಬ್ಬಿಣದ್ದು, ಹೆಚ್ಚುಕಡಿಮೆ ಅಷ್ಟೇ ದಪ್ಪ. ಮೂರನೆಯದು ಹಸಿರು ಬಣ್ಣದ್ದು, ಸಣಕಲು, ಉದ್ದ.

“ಪಂಪು ಚೆನ್ನಾಗಿದೆಯಾ ಇಲ್ವಾ ಅಂತ ಹಿಂಗೆ ನೋಡ್ಬೇಕು ಯಜಮಾನ್ರೇ” ಎಂದು ಅಂಗಡಿಯವರು ರಬ್ಬರ್ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿಹಿಡಿದು ಹಿಡಿಯನ್ನು ಕೆಳಗೆ ತಳ್ಳಿ ಬಿಟ್ಟರು. ಹಿಡಿ ತಾನಾಗಿ ಮೇಲೆ ಬಂತು. “ನೋಡಿ, ಒಳಗಿನ ವಾಷರ್ರು ಒಂದಿಷ್ಟೂ ಗಾಳಿ ಬಿಡ್ತಿಲ್ಲ.” ಮೂರನ್ನೂ ಹಾಗೆಯೇ ತೋರಿಸಿದರು. ಮೂರೂ ಮೇಲೆ ಬಂದವು. ಅಪ್ಪ ಹಿತ್ತಾಳೆ ಪಂಪನ್ನು ಎತ್ತಿ, ಇಳಿಸಿ, ಸವರಿದ. ಅದು ಜಗಲಿಯ ಮೇಲೆ ನಿಂತರೆ ಹೇಗೆ ಕಾಣುತ್ತದೆ ಎಂದು ಅವನು ಆಗಲೇ ನೋಡುತ್ತಿದ್ದಾನೆಂದು ನನಗೂ ಗೊತ್ತಾಯಿತು. ಕೈ ಜೇಬಿಗೆ ಹೋಯಿತು.

“ಅಪ್ಪ, ಬೆರಳಿಗಲ್ಲ, ಟೈರಿಗೆ ಹೊಡೆದು ನೋಡ್ಬೇಕು” ಎಂದಳು ಅಕ್ಕ.

ಅಪ್ಪ ಜೇಬಿನಿಂದ ಕೈ ತೆಗೆದ. ಹೊರಗೆ ಹೋಗಿ ನಮ್ಮದೇ ಸೈಕಲ್ಲಿನ ಹಿಂದಿನ ಚಕ್ರದ ವಾಲ್ವು ಸಡಿಲಿಸಿದ. ಬುಸ್ಸೆಂದು ಗಾಳಿಯೆಲ್ಲ ಹೋಗಿ ಚಕ್ರ ನೆಲಕ್ಕೆ ಕೂತಿತು.

“ಅಯ್ಯೋ ಯಜಮಾನ್ರೇ! ತುಂಬಿರೋ ಗಾಳಿ ಯಾರಾದ್ರೂ ಕಳೀತಾರಾ?” ಎಂದು ಅಂಗಡಿಯವರು ನಕ್ಕರು. ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ ಇಬ್ಬರು ಲೋಟ ಹಿಡಿದುಕೊಂಡೇ ನೋಡಲು ಬಂದರು.

ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹಿತ್ತಾಳೆ ಪಂಪನ್ನು ಮುಂದೆ ನಿಲ್ಲಿಸಿಕೊಂಡಳು. ಮೊದಮೊದಲು ಅದು ಜಮ್ಮೆಂದು ಇಳಿಯಿತು. ಒಂದೊಂದು ಸಲಕ್ಕೂ ಟೈರು ಕಣ್ಣಿಗೆ ಕಾಣುವ ಹಾಗೆ ಏಳುತ್ತಿತ್ತು. ಅಪ್ಪನ ಮುಖವೂ ಅದರ ಜೊತೆಗೇ ಅರಳಿತು. ಆದರೆ ಟೈರು ಗಟ್ಟಿಯಾಗುತ್ತಾ ಬಂದ ಹಾಗೆ ಹಿಡಿ ಅರ್ಧಕ್ಕೇ ನಿಂತುಬಿಟ್ಟಿತು. ಅಕ್ಕ ಎರಡೂ ಕೈ ಊರಿ, ಉಸಿರು ಬಿಗಿಹಿಡಿದು ಒತ್ತಿದಳು. ಹಿಡಿ ಇಳಿಯಲಿಲ್ಲ, ಅಕ್ಕನೇ ಮೆಟ್ಟಿಲಿನಿಂದ ಮೇಲೆದ್ದಳು. ಕಾಫಿಯವರು ನಕ್ಕರು. “ಪಂಪೇ ಹುಡುಗಿಗೆ ಗಾಳಿ ಹೊಡೀತಾ ಇದೆ ಕಣೋ” ಎಂದ ಒಬ್ಬ. ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ಮಾತ್ರ ಬೆವರು ಒರೆಸಿಕೊಂಡು, “ಆ ಹಸಿರುದು ಕೊಡಿ” ಎಂದಳು.

“ಅಮ್ಮಣ್ಣಿ, ಅದು ಮನೇಲಿ ಒಂದು ಸೈಕಲ್ ಇಟ್ಕೊಂಡಿರೋರಿಗೆ. ಅಂಗಡಿಗಲ್ಲ. ಅದ್ರಲ್ಲಿ ಒಂದು ಚಕ್ರ ತುಂಬೋಷ್ಟರಲ್ಲಿ ಊಟದ ಹೊತ್ತಾಗುತ್ತೆ.”

“ಆಗ್ಲಿ ಬಿಡಿ.”

ಅಪ್ಪ ಮತ್ತೆ ಚಕ್ರದ ಗಾಳಿ ಬಿಟ್ಟ. ಸಣಕಲು ಪಂಪು ಹಗುರವಾಗಿ ಇಳಿಯಿತು, ಆದರೆ ಹೊಸದೊಂದು ತೊಂದರೆ ಎದ್ದಿತು. ಪಂಪಿನ ಬುಡದಲ್ಲಿ ಆಚೆಗೊಂದು ಈಚೆಗೊಂದು ಕಬ್ಬಿಣದ ಕಿವಿಯಿರುತ್ತಿತ್ತು. ಎರಡನ್ನೂ ಎರಡು ಪಾದಗಳಿಂದ ಮೆಟ್ಟಿಕೊಳ್ಳಬೇಕು. ಅಕ್ಕನ ಎಡಗಾಲಿಗೆ ಆ ಬಲವಿರಲಿಲ್ಲ. ಹಿತ್ತಾಳೆಯದು ತನ್ನ ಭಾರಕ್ಕೇ ನಿಂತಿತ್ತು, ಈ ಹಗುರ ಪಂಪು ಹಿಡಿ ಎಳೆದಾಗಲೆಲ್ಲ ಬುಡಸಮೇತ ಮೇಲೆದ್ದು ವಾಲುತ್ತಿತ್ತು. ನೋಡಲಾರದೆ ಅಪ್ಪ ಮುಂದೆ ಬಂದು ತನ್ನ ಕಾಲನ್ನು ಬುಡದ ಮೇಲಿಟ್ಟ.

ಅಕ್ಕ ತಲೆ ಎತ್ತಿ ನೋಡಿದಳು. “ಕಾಲು ತೆಗಿಯಪ್ಪ. ಸೋಮವಾರ ನೀನಿರಲ್ಲ.”

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಅಪ್ಪ ಕಾಲು ತೆಗೆದು ಹಿಂದಕ್ಕೆ ಸರಿದು ನಿಂತ. ಅಕ್ಕ ಸ್ವಲ್ಪ ಹೊತ್ತು ಪಂಪನ್ನು ಹಾಗೆ ಹೀಗೆ ತಿರುಗಿಸಿ ನೋಡಿದಳು. ಕೊನೆಗೆ ಅದನ್ನು ನಿಂತ ಹಾಗೆಯೇ ಕಾಲುಸುತ್ತು ತಿರುಗಿಸಿ, ಎರಡೂ ಕಿವಿಗಳು ತನ್ನ ಬಲಪಾದದ ಉದ್ದಕ್ಕೆ ಬರುವಂತೆ ಮಾಡಿದಳು. ಒಂದರ ಮೇಲೆ ಹಿಮ್ಮಡಿ, ಇನ್ನೊಂದರ ಮೇಲೆ ಬೆರಳುಗಳು, ಪಂಪಿನ ಮೈ ಪಾದದ ಒಳಮಗ್ಗುಲಿಗೆ. ಈಗ ಪಂಪು ಅಲುಗಾಡಲಿಲ್ಲ.

ಆಮೇಲೆ ನೋಡುವುದಕ್ಕೇನೂ ಇರಲಿಲ್ಲ. ಏಳುವುದು, ಇಳಿಯುವುದು, ಸುಂಯ್ ಸುಂಯ್ ಎನ್ನುವ ಸದ್ದು. ಕಾಫಿಯವರು ಬೇಸರವಾಗಿ ಹೊರಟುಹೋದರು. ಅಂಗಡಿಯವರು ಇನ್ನೊಬ್ಬರಿಗೆ ಬೆಲ್ಲು ಮಾರಿ ಬಂದರು. ಅಕ್ಕನ ಜಡೆ ಹೆಗಲ ಮುಂದಕ್ಕೆ ಬಂದು ಪಂಪಿನ ಜೊತೆ ತೂಗಾಡುತ್ತಿತ್ತು. ದಪ್ಪ ಪಂಪು ನಿಂತುಹೋದ ಗಟ್ಟಿತನವನ್ನು ಟೈರು ಮುಟ್ಟಿತು, ದಾಟಿತು, ಆದರೂ ಹಿಡಿ ಇಳಿಯುತ್ತಲೇ ಇತ್ತು. ಸಾಕೆನಿಸಿದಾಗ ಅವಳೇ ನಿಲ್ಲಿಸಿ, ಕೊಳವೆ ಕಳಚಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿದಳು. ಅಪ್ಪ ಒತ್ತಿ ನೋಡಿದ. ಅಂಗಡಿಯವರೂ ಬಗ್ಗಿ ಒತ್ತಿ ನೋಡಿದರು. ನಾನೂ ಒತ್ತಿದೆ. ಕಲ್ಲು!

ಅಷ್ಟಾದರೂ ಅಪ್ಪನ ಕಣ್ಣು ಒಂದು ಸಲ ಹಿತ್ತಾಳೆ ಪಂಪಿನ ಕಡೆ ಹೋಯಿತು. ಪಾಪ, ಎಷ್ಟೋ ವರ್ಷ ಡೊಂಕು ಬಿದ್ದ ಪಂಪಿನಲ್ಲಿ ಕಳೆದವನು. ಅಂಗಡಿಯವರು ಅದನ್ನು ಗಮನಿಸಿ ಮೆಲ್ಲಗೆ ಹೇಳಿದರು: “ಈ ಸಣ್ಣದನ್ನ ಅಂಗಡೀಲಿಟ್ರೆ ಊರಲ್ಲಿ ನಗ್ತಾರೆ ಯಜಮಾನ್ರೇ. ಯೋಚ್ನೆ ಮಾಡಿ.”

“ನಗೋರೇನು ಬಂದು ಗಾಳಿ ಹೊಡೀತಾರಾ ಸ್ವಾಮಿ? ಇದನ್ನೇ ಕಟ್ಟಿಕೊಡಿ” ಎಂದ ಅಪ್ಪ.

ಅಂಗಡಿಯವರು ಒಳ್ಳೆಯ ಮನುಷ್ಯರು. ಕೂತು ಹೊಡೆಯುವವಳಿಗೆ ರಬ್ಬರ್ ಕೊಳವೆ ಗಿಡ್ಡವಾಗುತ್ತದೆ ಎಂದು ತಾವೇ ಉದ್ದನೆಯದನ್ನು ಹಾಕಿಕೊಟ್ಟರು. ಪಂಪು ಬಿಚ್ಚಿ ಒಳಗಿನ ಚರ್ಮದ ವಾಷರ್ ತೋರಿಸಿ, “ಇದು ಒಣಗಿದ್ರೆ ಗಾಳಿ ಬಿಡುತ್ತೆ ಅಮ್ಮಣ್ಣಿ. ಆಗಾಗ ಎರಡು ತೊಟ್ಟು ಹರಳೆಣ್ಣೆ ಬಿಡು” ಎಂದರು. ವಾಪಸು ಬರುವಾಗ ಅಕ್ಕ ಕ್ಯಾರಿಯರಿನ ಮೇಲೆ ಪಂಪನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದಳು. ನಾವು ಮೂವರೂ ಅವಳು ತುಂಬಿದ ಗಾಳಿಯ ಮೇಲೆಯೇ ಮನೆ ಸೇರಿದೆವು.

ಮಾರನೆಯ ದಿನ ಅಪ್ಪ ಬುತ್ತಿ ಹಿಡಿದು ಕಾರ್ಖಾನೆಗೆ ಹೋದ. ಸ್ವಲ್ಪ ಹೊತ್ತಿಗೆ ಸೊಪ್ಪಿನ ಅಣ್ಣ ಸೈಕಲ್ ತಳ್ಳಿಕೊಂಡು ಬಂದ. ಅಕ್ಕ ಪ್ಯಾಚು ಹಾಕಿ ಪಂಪು ಎಳೆದುಕೊಂಡಾಗ, “ಇದೇನವ್ವ, ನಿಮ್ಮಪ್ಪ ಕೊಳಲು ತಂದವ್ನೆ?” ಎಂದ.

“ಹೂಂ, ಊದ್ತೀನಿ, ಕೂತ್ಕೊಂಡು ಕೇಳಣ್ಣ.”

ಅವನು ನಿಜವಾಗಿಯೂ ಜಗಲಿಯ ಅಂಚಿಗೆ ಕೂತು ಬೀಡಿ ಹಚ್ಚಿದ. ಅಕ್ಕ ಟೈರು ಒತ್ತಿ ತೋರಿಸಿದಾಗ ತಾನೂ ಒತ್ತಿದ. ಇನ್ನೊಮ್ಮೆ ಒತ್ತಿದ. ಒಂದು ಕಂತೆ ದಂಟಿನ ಸೊಪ್ಪನ್ನು ಅಕ್ಕನ ಪಕ್ಕ ಇಟ್ಟು ಸೈಕಲ್ ಹತ್ತಿದ. ಸಂಜೆ ಅಪ್ಪ ಬಂದಮೇಲೆ ಆ ಸೊಪ್ಪಿನ ಸಾರನ್ನೇ ಎಲ್ಲರೂ ಉಂಡೆವು. ಮಗು ಆಡಿಸಲು ಬೇರೆ ಯಾರನ್ನಾದರೂ ನೋಡಿಕೊ ಎಂದು ಅಮ್ಮ ಅತ್ತೆಗೆ ಹೇಳಿಕಳಿಸಿದಳು. ನನಗೆ ಮದುವೆಯಾಗಿ, ನಿಮ್ಮ ಅಪ್ಪ ಹುಟ್ಟಿ ದೊಡ್ಡವನಾದಮೇಲೂ ಅಕ್ಕ ಆ ಅಂಗಡಿ ನಡೆಸುತ್ತಿದ್ದಳು. ರಸ್ತೆ ಅಗಲ ಮಾಡಿದಾಗ ಜಗಲಿ ಹೋಯಿತು.

ಈಗ ನಮ್ಮ ಜೆ.ಪಿ. ನಗರದ ಮನೆಯ ಕೆಳಗೆ, ಕಾರಿನ ಪಕ್ಕದ ಜಾಗದಲ್ಲಿ ನಿಮ್ಮ ಅಪ್ಪ ಚಿಕ್ಕದೊಂದು ವರ್ಕ್‌ಶಾಪ್ ಮಾಡಿಕೊಂಡಿದ್ದಾನೆ. ಅದಕ್ಕೆ ಗಾಳಿ ತುಂಬುವ ಮೆಷಿನ್ ತರಿಸಲು ಹೋದ ವಾರ ನೀವೆಲ್ಲ ಸೋಫಾದ ಮೇಲೆ ಫೋನ್ ಹಿಡಿದು ಎಷ್ಟು ವಾದ ಮಾಡಿದಿರಿ! ಮೀಟರು ಸರಿಯಾಗಿ ತೋರಿಸುತ್ತದೆಯೇ, ಬೇಗ ಬಿಸಿಯಾಗುತ್ತದೆಯೇ, ಬ್ಯಾಟರಿಯದೋ ವೈರಿನದೋ, ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ. ನಾನು ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡೆ. ನಾಲ್ಕು ಜನರ ನಡುವೆ ಬಾಯಿ ಹಾಕುವುದು ನನಗೆ ಇಂದಿಗೂ ಬರುವುದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯ ಮೆಷಿನ್ನನ್ನೇ ಆರಿಸಿದ್ದೀರಿ. ಎಷ್ಟು ಗಾಳಿ ಬೇಕೋ ಅಷ್ಟು ಅಂಕಿ ಒತ್ತಿದರೆ ಗುರ್ರೆಂದು ತುಂಬಿಸಿ ತಾನೇ ನಿಲ್ಲುತ್ತದೆ. ತೋಳಿನ ಬಲ, ಮೈಭಾರ, ಕಾಲು ಯಾವುದನ್ನೂ ಅದು ಕೇಳುವುದಿಲ್ಲ. ಅಕ್ಕ ನೋಡಿದ್ದರೆ ಎರಡು ಸಲ ಗಾಳಿ ಬಿಟ್ಟು ಎರಡು ಸಲ ತುಂಬಿಸುತ್ತಿದ್ದಳು.

ಆದರೆ ನಿಮ್ಮ ಅಪ್ಪ ಅದನ್ನು ತನ್ನ ತಲೆಗಿಂತ ಎತ್ತರದ ಮೊಳೆಗೆ ನೇತುಹಾಕಿದ್ದ. ಮೂರು ದಿನದಿಂದ ನಿಮ್ಮಲ್ಲಿ ಚಿಕ್ಕವಳು ಮೆತ್ತಗಾದ ಚಕ್ರದ ಸೈಕಲ್ ಹಿಡಿದು, ಯಾರಾದರೂ ಆಫೀಸಿನಿಂದ ಬರಲಿ ಎಂದು ಗೇಟಿನ ಬಳಿ ಕಾಯುವುದನ್ನು ನಾನು ಬಾಲ್ಕನಿಯಿಂದ ನೋಡಿದೆ. ಇವತ್ತು ಮಧ್ಯಾಹ್ನ ನೀವೆಲ್ಲ ಶಾಲೆಯಲ್ಲಿದ್ದಾಗ ಕೆಳಗಿಳಿದು ಹೋಗಿ, ಅವಳ ಭುಜದ ಎತ್ತರಕ್ಕೆ ಒಂದು ಮೊಳೆ ಹೊಡೆದು ಅಲ್ಲಿಗೆ ತೂಗುಹಾಕಿದ್ದೇನೆ. ನಿಮ್ಮ ಅಪ್ಪ ಕೇಳಿದರೆ ಅಜ್ಜಿ ಮಾಡಿದ್ದು ಎನ್ನಿ.