ಎಣ್ಣೆ ಹಚ್ಚಿದ ರಂದಾ

ಇಳಕಲ್ಲಿನಿಂದ ಸೋದರತ್ತೆಯ ಫೋನು ಬಂದಾಗ ನಾನು ಬಾಗಲಕೋಟೆಯ ನನ್ನ ಕೋಣೆಯಲ್ಲಿ ರಂದಾಕ್ಕೆ ಎಣ್ಣೆ ಸವರುತ್ತಿದ್ದೆ. ಅಂಗೈಯುದ್ದದ, ಕಬ್ಬಿಣದ ಮೈಯ, ಮರ ಕೀಸುವ ರಂದಾ. ಹಳೆಯ ಕಬ್ಬಿಣದ ಅಂಗಡಿಯ ರಾಶಿಯಲ್ಲಿ ಸಿಕ್ಕಿದ್ದು. ಅಂಗಡಿಯವ ಅದನ್ನು ಕೊಡುವಾಗ, "ಅಕ್ಕಾರ, ಇದರಿಂದ ರೊಟ್ಟಿ ಬಡಿಯಾಕ ಬರಂಗಿಲ್ಲ ನೋಡ್ರಿ," ಎಂದಿದ್ದ. ತುಕ್ಕು ಬಿಡಿಸಿ ಅಲಗು ಮಸೆಯಲು ಎರಡು ತಿಂಗಳು ಹಿಡಿಯಿತು. ಅಂಥ ಹನ್ನೊಂದು ಹಳೆಯ ಸಾಮಾನು ನನ್ನಲ್ಲಿವೆ. ವಾರಕ್ಕೊಮ್ಮೆ ಎಲ್ಲಕ್ಕೂ ಎಣ್ಣೆ.

"ಮಗ್ಗದ ಲಾಳಿ ಸಿಗಬೀಳಾಕತ್ತೈತಿ," ಎಂದಳು ಅತ್ತೆ. "ಅದು ಓಡೋ ಹಲಗಿ ಸಿಬರೆದ್ದೈತಿ. ಬಡಿಗ್ಯಾರಂವ ಬಂದು ನೋಡಿದ, ಹಲಗಿ ಬಿಚ್ಚಬೇಕಂತಾನ. ಬಿಚ್ಚಿದ್ರ ಮುಗೀತಲ್ಲ!"

ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅತ್ತೆ ಒಡಲು ಮುಗಿಸುವುದರಲ್ಲಿದ್ದಳು. ಕೊಂಡಿಗಳ ಸಾಲು ಹಲಗೆಯ ಹತ್ತಿರ ಬಂದಿತ್ತು. ಈಗ ಹಲಗೆ ಬಿಚ್ಚಿ ಹಾಸು ಸಡಿಲಾದರೆ ಕೊಂಡಿಗಳು ಜಾರುತ್ತವೆಂಬುದು ಅವಳ ಭಯ. ಶುಕ್ರವಾರ ಅವಳ ಮಗಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿಗೆ ತಾನೇ ನೇಯ್ದ ಹಸಿರು ಸೀರೆ ಉಡಿಸುತ್ತೇನೆಂದು ಹಟ ಹಿಡಿದಿದ್ದಳು. ಅಂದು ಮಂಗಳವಾರ.

"ಬಿಚ್ಚದ ಕೀಸಾಕ ಬರ್ತೈತೇನವ್ವ?"

"ನೋಡ್ತೇನಿ," ಎಂದೆ.

ಇಳಕಲ್ಲಿಗೆ ಹೊರಟ ಬಸ್ಸು ಹುನಗುಂದದಲ್ಲಿ ನಿಂತಾಗಲೂ ರಂದಾ ಇದ್ದ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

"ಬಂದ್ಳು ನೋಡ್ರಿ, ಎಮ್ಮೆಸ್ಸಿ ಬಡಿಗ್ಯಾರಾಕಿ," ಎಂದು ಅತ್ತೆಯ ಗಂಡ, ಮಾಮಾ, ಬಾಗಿಲಲ್ಲೇ ನಕ್ಕ. ಅತ್ತೆ ನಗಲಿಲ್ಲ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ರಂದಾವನ್ನು ಬಟ್ಟೆಯಿಂದ ಬಿಚ್ಚಿದೆ. ಸಿಬಿರು ಎಲ್ಲಿದೆಯೆಂದು ನೋಡಲು ಅದೇ ಕೈಯಿಂದ ಎಳೆಗಳನ್ನು ಸರಿಸಿದೆ.

"ಕೈ ತಗಿ!"

ಅತ್ತೆ ನನ್ನ ಮಣಿಕಟ್ಟು ಹಿಡಿದು ಬೆರಳು ಮೂಸಿದಳು. "ಎಣ್ಣಿ."

ನಾಲ್ಕೈದು ಹಸಿರು ಎಳೆಗಳು ಬೆರಳಗಲ ಕಪ್ಪಾಗಿದ್ದವು. ಒಗ್ಗರಣೆ ಹಾಕಿದ ಕೈ ತೊಳೆಯದೆ ಆ ಮನೆಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ರಂದಾದ ಎಣ್ಣೆಯನ್ನು ನಾನು ಎಣ್ಣೆಯೆಂದೇ ಎಣಿಸಿರಲಿಲ್ಲ. ಅದು ನನ್ನ ಆರೈಕೆಯಾಗಿತ್ತು.

ಅತ್ತೆ ಬೈಯಲಿಲ್ಲ. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ಪುಡಿಮಾಡಿ, ಎಣ್ಣೆ ಹೀರಲೆಂದು ಆ ಎಳೆಗಳ ಮೇಲೆ ಒತ್ತಿದಳು. ಉಳಿದದ್ದನ್ನು ನನ್ನ ಕೈಗೂ ರಂದಾದ ಮೈಗೂ ತಿಕ್ಕಲು ಕೊಟ್ಟಳು.

"ದೇವರದಲ್ಲೇನ ಅದು?" ಎಂದ ಮಾಮಾ.

"ಕಾಯಕಕ್ಕ ಬರದಿದ್ರ ಮತ್ಯಾತಕ್ಕ ಅದು? ನೀವು ಸುಮ್ಮ ಕುಂದರ್ರಿ."

ಅವಳು ಎಳೆಗಳ ಕೆಳಗೆ ಬಿದಿರಿನ ಕೋಲು ತೂರಿಸಿ ಎರಡೂ ಕೈಯಿಂದ ಎತ್ತಿ ಹಿಡಿದಳು. ನನ್ನ ಮುಷ್ಟಿ ಹಿಡಿಸುವಷ್ಟೇ ಜಾಗ. ಅಲಗನ್ನು ಕೂದಲೆಳೆಯಷ್ಟು ಹೊರಗಿಟ್ಟು ಕೈ ಒಳಗೆ ಹಾಕಿದೆ. ಹಲಗೆ ಸರಿಯಾಗಿ ಕಾಣುತ್ತಿರಲಿಲ್ಲ. ಸಿಬಿರಿಗೆ ಎದುರಾಗಿ ತಳ್ಳಿದರೆ ಮರ ಇನ್ನಷ್ಟು ಸೀಳುತ್ತದೆ, ಸೀಳಿದ ಚಕ್ಕೆ ನೇರ ಎಳೆಗಳಿಗೆ ನೆಡುತ್ತದೆ. ಬೆರಳ ತುದಿಯಿಂದ ಅದು ಯಾವ ಕಡೆ ಮಲಗಿದೆಯೆಂದು ಹುಡುಕಿದೆ. ಮುಂಗೈ ಮೇಲೆ ಹಾಸು ನಡುಗುತ್ತಿತ್ತು.

"ಲಗೂ ಮಾಡವ್ವ, ಕೈ ಸೋತು ಬಂದ್ವು."

ಮೊದಲ ಸಲ ರಂದಾ ತೊಡರಿ ನಿಂತಿತು. ಮೆಲ್ಲಗೆ ಹಿಂದಕ್ಕೆಳೆದೆ. ಎರಡನೆಯ ಸಲ ಕೀಸಿತು. ಮೂರನೆಯ ಸಲ ಸದ್ದು ಬದಲಾಯಿತು, ಒಂದೇ ಸಮನೆ ನುಣುಪಾಗಿ. ಅಲಗು ಮೇಲೇಳದಂತೆ ಹಲಗೆಗೆ ಒತ್ತಿಕೊಂಡೇ ರಂದಾವನ್ನು ಹೊರಗೆ ಜಾರಿಸಿದೆ. ಉಳ್ಳಾಗಡ್ಡಿ ಸಿಪ್ಪೆಯಂಥ ಎರಡು ಸುರುಳಿ ಜೊತೆಗೆ ಬಂದವು. ಎಳೆ ಒಂದೂ ಕಡಿದಿರಲಿಲ್ಲ.

ಅತ್ತೆ ಲಾಳಿ ಓಡಿಸಿದಳು. ಅದು ಎಲ್ಲೂ ಸಿಕ್ಕಿಬೀಳಲಿಲ್ಲ. ಆದರೆ ಕಪ್ಪಾದ ಎಳೆಗಳು ಇನ್ನೂ ನೇಯ್ಗೆಗೆ ಬಂದಿರಲಿಲ್ಲ.

ಸಂಜೆಯ ಹೊತ್ತಿಗೆ ಬಂದವು. ಅತ್ತೆ ವಿಭೂತಿ ಕೊಡವಿ, ಬಟ್ಟೆಯ ಹತ್ತಿರ ಬಗ್ಗಿದಳು.

"ಕಾಣ್ತೈತೇನ?"

ಮಸುಕಾಗಿ, ನನ್ನ ಬೆರಳಿನಗಲ. "ಕಾಣ್ತೈತಿ, ಅತ್ತಿ."

"ಖರೆ ಹೇಳಿದಿ," ಎಂದು ಮತ್ತೆ ಲಾಳಿ ಓಡಿಸಿದಳು.

ಶುಕ್ರವಾರ ಅತ್ತೆ ಮಗಳಿಗೆ ಸೆರಗನ್ನು ತಾನೇ ಹೊದಿಸಿದಳು. ಕಲೆ ಬೆನ್ನ ಮೇಲೆ ಬಿತ್ತು. ಹೆಂಗಸರು ಅರಿಶಿನ ಕುಂಕುಮ ಹಚ್ಚುತ್ತಿದ್ದಾಗ ನಾನು ಬಸುರಿಯ ಕುರ್ಚಿಯ ಹಿಂದೆ ನಿಂತಿದ್ದೆ.

"ಮುಂದ ಬಾರಬೇ, ಫೋಟೋದಾಗ ನೀನ ಇಲ್ಲ!" ಎಂದಳು ಅವಳು ತಿರುಗದೆ.

"ಇಲ್ಲೇ ಛಲೋ ಐತಿ," ಎಂದೆ. ಊಟಕ್ಕೆ ಏಳುವ ತನಕ ಆ ಜಾಗ ಬಿಡಲಿಲ್ಲ.