ಈರಪ್ಪನವರ ಓಟಿಪಿ

ನನ್ನ ಕಕ್ಷಿದಾರರಲ್ಲಿ ಎಲ್ಲರಿಗಿಂತ ಶಿಸ್ತಿನವರೆಂದರೆ ತೀರಿಕೊಂಡ ಒಬ್ಬರು. ಇದನ್ನು ಹೇಳಿಕೊಳ್ಳಲು ನನಗೇ ಅಂಜಿಕೆ.

ಬನಹಟ್ಟಿಯಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನನ್ನ ಉದ್ಯೋಗ. ಎಂ.ಕಾಂ. ಓದಿದವನು, ದೆವ್ವಕ್ಕಿಂತ ದಂಡಕ್ಕೆ ಹೆದರಬೇಕೆಂದು ಕಲಿತವನು. ಸೀರೆ ಮಗ್ಗಗಳ ಮಾಲೀಕ ಈರಪ್ಪನವರು ಬದುಕಿದ್ದಾಗ ಓಟಿಪಿ ಕೇಳಿದರೆ, 'ಆತ್ ತಗೋರಿ ಸರ, ಚಾ ಕುಡದ ಹೇಳ್ತೇನಿ' ಎನ್ನುತ್ತಿದ್ದರು. ಚಹಾ ಮುಗಿಯುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತಿತ್ತು.

ಅವರು ಹೋದ ಮೇಲೆ ಹೆಂಡತಿ ಶಾಂತಕ್ಕ ಮಗ್ಗ ನಿಲ್ಲಿಸಲಿಲ್ಲ. ಎಷ್ಟು ಹೇಳಿದರೂ ಗಂಡನ ಹೆಸರಿನ ನೋಂದಣಿ ತೆಗೆಸಲಿಲ್ಲ. ಅವರ ಮೊಬೈಲನ್ನು ದೇವರ ಜಗಲಿಯ ಮೇಲೆ ಚಾರ್ಜಿಗೆ ಹಾಕಿ ಹೂವು ಏರಿಸಿದರು. ನಾನು ಕಚೇರಿಯಲ್ಲಿ ಓಟಿಪಿ ಕೇಳುವ ಗುಂಡಿ ಒತ್ತಿ ಬೆರಳು ಎತ್ತುವಷ್ಟರಲ್ಲಿ ಆಕೆಯ ಫೋನು: 'ಅವರು ಕಳಸ್ಯಾರ ನೋಡ್ರಿ, ಬರ್ಕೋರಿ.'

ಒಮ್ಮೆ ಅಂಕಿ ಓದಿದ್ದು ಗಂಡು ದನಿ ಎಂದು ನನ್ನ ನೆನಪು. ಡೈರಿಯಲ್ಲಿ ಬರೆಯಹೋಗಿ ಬಿಟ್ಟೆ. ಬರೆದರೆ ಅದೇ ನಿಜವಾಗಿಬಿಡುತ್ತದೆ.

ಕಾನೂನೂ ವಿಚಿತ್ರ. ಮಾಲೀಕರು ಸತ್ತರೂ ಕಂಪನಿಗೆ ಸಾವಿಲ್ಲ. ಒಬ್ಬನೇ ನಡೆಸುವ ವ್ಯಾಪಾರ ಮಾತ್ರ ಅವನೊಂದಿಗೇ ಹೋಗಬೇಕು. ಶಾಸ್ತ್ರದಲ್ಲಿ ಸತ್ತವರಿಗೆ ಪ್ರೇತ, ಪಿತೃ ಎಂಬ ಮೆಟ್ಟಿಲುಗಳಾದರೂ ಉಂಟು. ನಮ್ಮ ಜಿಎಸ್‌ಟಿ ಜಾಲತಾಣ ಕೇಳುವುದು ಎರಡೇ: ಸಕ್ರಿಯವೋ, ರದ್ದೋ?

ಕೊನೆಗೆ ಅವರ ಸೀರೆ ಕೊಳ್ಳುವ ಮುಧೋಳದ ವ್ಯಾಪಾರಿಯೇ ಕಡ್ಡಿ ಮುರಿದಂತೆ ಹೇಳಿದ: 'ಸತ್ತವರ ಬಿಲ್ ನಂಗ್ಯಾಕಬೇ ಯವ್ವಾ? ನಿನ್ನ ಹೆಸರಿಗಿ ಮಾಡಿಸು, ಇಲ್ಲಾಂದ್ರ ಮಾಲ್ ಬ್ಯಾಡ.' ಮಾಲು ಹೋಗದಿದ್ದರೆ ಮಗ್ಗ ನಿಲ್ಲುತ್ತದೆ. ಶಾಂತಕ್ಕ ಒಪ್ಪಿದರು.

ಅಂದು ಮಧ್ಯಾಹ್ನ ಅವರ ಮನೆಯಲ್ಲೇ ಕುಳಿತು ರದ್ದತಿ ಅರ್ಜಿ ತುಂಬಿ ಗುಂಡಿ ಒತ್ತಿದೆ. ಓಟಿಪಿ ಬರಲಿಲ್ಲ. ಮತ್ತೆ ಒತ್ತಿದೆ. ಜಗಲಿಯ ಮೇಲೆ ಮೊಬೈಲು ಸುಮ್ಮನಿತ್ತು.

'ನೆಟ್‌ವರ್ಕ್ ಇಲ್ಲ ಕಾಣಸ್ತೈತ್ರಿ ಅಕ್ಕಾರ,' ಎಂದೆ. ನೆಟ್‌ವರ್ಕಿನ ಕಡ್ಡಿಗಳೆಲ್ಲ ತುಂಬಿದ್ದವು.

ಶಾಂತಕ್ಕ ಸೆರಗು ಹೊದ್ದು ಜಗಲಿಯ ಮುಂದೆ ಕುಳಿತರು. 'ಏನ್ರೀ, ಇನ್ನೂ ಚಾ ಮುಗದಿಲ್ಲೇನ? ಮಗ್ಗ ನಿಂದ್ರತಾವು. ನಾ ನಡಸ್ತೇನಿ, ಕಳಸ್ರಿ.'

ಮೊಬೈಲು ನಡುಗಿತು. ಪಕ್ಕದ ಹಿತ್ತಾಳೆ ತಟ್ಟೆಯೂ ಸಣ್ಣಗೆ ದನಿಗೂಡಿಸಿತು. ಆಕೆ ಒಂದೊಂದೇ ಅಂಕಿ ಓದಿದರು, ಅವಸರವಿಲ್ಲದೆ.

ಬಳಿಕ ಆಕೆಯ ಹೆಸರಿನಲ್ಲಿ ಹೊಸ ಅರ್ಜಿ ತೆರೆದೆ. 'ನಿಮ್ಮ ಮೊಬೈಲ್ ನಂಬರ್ ಹೇಳ್ರಿ.'

'ಅವರದ ಹಾಕ್ರಿ ಸರ. ನನಗ ಮಗ್ಗದ ಕೆಲಸ ಭಾಳ, ಫೋನ್ ಎತ್ತಾಕ ಆಗಂಗಿಲ್ಲ. ಅವರೀಗ ಖಾಲೀನ ಅದಾರ.'

ಹಾಕಿದೆ. ನಾನು ಗುಂಡಿ ಒತ್ತುವ ಮೊದಲೇ ತಟ್ಟೆ ಸದ್ದು ಮಾಡಿದಂತೆ ನೆನಪು. ನೆನಪಿನ ಮಾತು ಬಿಡಿ. ಶಾಂತಕ್ಕನ ಮೊದಲ ರಿಟರ್ನ್ ಮಾತ್ರ ಊರಿನಲ್ಲಿ ಎಲ್ಲರಿಗಿಂತ ಮುಂಚೆ ಹೋಯಿತು.