ಭಾವನ ಜೀಪಿಗೆ ಟರ್ಬೊ ಹಾಕಿಸಿದ್ದು

ಮೂರು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ ನಡೆದದ್ದು. ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಂಜಿನ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅಕ್ಕನನ್ನು ಕೊಟ್ಟಿರೋದು ಜವಳಗಿರಿ ಕಡೆಗೆ. ಭಾವ ಕೋಸು ಬೆಳೆದು, ತಮ್ಮ ಹಳೇ ಪೆಟ್ರೋಲ್ ಜೀಪಿನಲ್ಲೇ ಕಾಡುದಾರಿ ಹಿಡಿದು ಹೊಸೂರು ಮಾರ್ಕೆಟ್ಟಿಗೆ ತರುತ್ತಿದ್ದರು. ಲೋಡು ಹಾಕಿದರೆ ಏರಿನಲ್ಲಿ ಸ್ವಲ್ಪ ತಿಣುಕುತ್ತಿತ್ತು. ಟರ್ಬೊ ಕೂರಿಸೋಣ ಭಾವ ಅಂತ ಆಸೆ ಹುಟ್ಟಿಸಿದವನು ನಾನೇ.

ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒಳಗೆ ಪಿಸ್ಟನ್ನೂ ಒತ್ತಿ, ಹೊರಗಿಂದ ಟರ್ಬೊನೂ ಒತ್ತಿದರೆ ಎಂಜಿನ್ ಕಟಕಟ ಬಡಿದುಕೊಂಡು ಹಾಳಾಗುತ್ತೆ. ಅದಕ್ಕೇ ಪಿಸ್ಟನ್ ಬದಲಾಯಿಸಿ ಕಂಪ್ರೆಷನ್, ಅಂದರೆ ಪಿಸ್ಟನ್ ಒಳಗೆ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ, ಇಳಿಸೋದು. ಟರ್ಬೊ ಒತ್ತಡ ಕಮ್ಮಿ ಇಟ್ಟುಕೊಂಡಿದ್ದರೆ, ಒಂಬತ್ತಿದ್ದದ್ದನ್ನು ಎಂಟೂವರೆಗೆ ತಂದಿದ್ದರೆ ಸಾಕಿತ್ತು. ನನಗೋ ಜೋರು ಬೇಕು. ಟರ್ಬೊ ಒತ್ತಡ ಏರಿಸಿ, ಕಂಪ್ರೆಷನ್ ಏಳೂವರೆಗೆ ಇಳಿಸಿಬಿಟ್ಟೆ.

"ನಂಗೆ ಓಟ ಬ್ಯಾಡ ಕಣ್ಲಾ. ನಿಧಾನಕ್ಕೆ ಹೋಗುವಾಗ ಎಳೆದ್ರೆ ಸಾಕು," ಅಂದಿದ್ದರು ಭಾವ. ನಾನೆಲ್ಲಿ ಕಿವಿಗೆ ಹಾಕಿಕೊಂಡೆ?

ರಾಯಕೋಟೆ ರಸ್ತೆಯಲ್ಲಿ ಓಡಿಸಿ ನೋಡಿದಾಗ ಜೀಪು ಹಾರಿತು. ಫ್ರೆಂಡ್ಸೆಲ್ಲಾ ಸೂಪರ್ ಮಚ್ಚಾನ್ ಅಂದರು, ನಾನೂ ಉಬ್ಬಿಹೋದೆ. ಆದರೆ ಟರ್ಬೊ ಕೆಲಸ ಮಾಡೋಕೆ ಎಂಜಿನ್ ಜೋರಾಗಿ ತಿರುಗುತ್ತಿರಬೇಕು. ನಿಧಾನಕ್ಕೆ ಹೋಗುವಾಗ, ಕಂಪ್ರೆಷನ್ ಇಳಿದ ಎಂಜಿನ್ನಿನಲ್ಲಿ ದಮ್ಮೇ ಇರಲ್ಲ. ಇದೇ ನನ್ನ ಕಸುಬು, ಆದರೂ ಭಾವನ ಕಾಡುದಾರಿ ನೆನಪಿಗೆ ಬರಲಿಲ್ಲ. ನನ್ನ ಬುದ್ಧಿಗಿಷ್ಟು!

ಆಮೇಲೊಂದು ದಿನ ಸಂಜೆ, ಇನ್ನೂ ಬೆಳಕಿತ್ತು. ಕೋಸು ತುಂಬಿಕೊಂಡು ಭಾವನೂ ನಾನೂ ಹೊರಟಿದ್ದೆವು. ಕಾಡಿನ ಏರಿನಲ್ಲಿ ಟಾರು ಕಿತ್ತುಹೋದ ಕಡೆ ಭಾವ ನಿಧಾನ ಮಾಡಿದರು. ಪಕ್ಕದ ಪೊದೆಯಿಂದ ಒಂಟಿ ಆನೆ ಬಂದೇಬಿಟ್ಟಿತು. ಭಾವ ಆಕ್ಸಿಲರೇಟರ್ ಪೂರ್ತಿ ತುಳಿದರು. ಜೀಪು ಎಳೆಯಲೇ ಇಲ್ಲ. ಗೇರು ಇಳಿಸುವಷ್ಟರಲ್ಲಿ ಆಫ್ ಆಯಿತು. ಓಡು ಅಂತ ನನ್ನನ್ನು ಆಚೆಗೆ ನೂಕಿದರು. ಅವರು ಇಳಿಯುವ ಮೊದಲೇ ಆನೆ ಜೀಪನ್ನು ಚರಂಡಿಗೆ ಮಗುಚಿತು.

ಕೋಸು ರಸ್ತೆ ತುಂಬಾ ಉರುಳಿತ್ತು. ಆನೆ ಅದನ್ನು ತಿನ್ನುತ್ತಾ ನಿಂತಿತು, ಇಲ್ಲದಿದ್ದರೆ ಭಾವ ಉಳಿಯುತ್ತಿರಲಿಲ್ಲ. ಅದು ಕಾಡಿಗೆ ಇಳಿದ ಮೇಲೆ, ಹಿಂದೆ ಬಂದ ಬಸ್ಸಿನವರೆಲ್ಲ ಸೇರಿ ಜೀಪೆತ್ತಿ ಭಾವನನ್ನು ಹೊರಗೆಳೆದರು. ಬಲಗಾಲು ಜಜ್ಜಿಹೋಗಿತ್ತು.

ಕಾಲು ಉಳಿಯಿತು, ಆದರೆ ಮಂಡಿ ಮಡಚೋಕೆ ಆಗಲ್ಲ. ಗಾಡಿ ಓಡಿಸೋ ಮಾತೇ ಇಲ್ಲ. ಆಸ್ಪತ್ರೆಯಲ್ಲಿ ನಾನು ಅಳುತ್ತಾ, ಎಲ್ಲ ನನ್ನಿಂದಲೇ ಆಗಿದ್ದು ಅಂದೆ. ಭಾವನಿಗೂ ಅದು ಗೊತ್ತಿತ್ತು.

"ಸುಮ್ಕಿರ್ಲಾ," ಅಂದರು. "ನಿಮ್ಮಕ್ಕನ ಮುಂದೆ ಎಂಜಿನ್ ವಿಷ್ಯ ಎತ್ಬ್ಯಾಡ."

ಇವತ್ತಿಗೂ ನಾನು ಹೋದಾಗೆಲ್ಲ ಅಕ್ಕ ಮುದ್ದೆ ಬಡಿಸುತ್ತಾ, ಮನೆಗೆ ಬಂದವರಿಗೆ ಒಂದೇ ಮಾತು ಹೇಳುತ್ತಾಳೆ: "ಅವತ್ತು ನನ್ ತಮ್ಮ ಜೊತೇಲಿದ್ದ, ಅದಕ್ಕೇ ನನ್ ಗಂಡ ಉಳ್ಕೊಂಡ್ರು."

ಭಾವ ತಲೆ ಎತ್ತದೆ ಉಣ್ಣುತ್ತಾರೆ. ನಾನೂ ಅಷ್ಟೇ.